ಬಾಗಿಲ ಕೈ

ನಮ್ಮೂರಲ್ಲಿ ದೀಪ ಹಚ್ಚಿದ ಮೇಲೆ ಮುಚ್ಚಿದ ಬಾಗಿಲು ಒಳಗಿನವರಿಗೆ ತೆರೆಯುವುದಿಲ್ಲ. ಎಳೆಯಿರಿ, ಗುದ್ದಿರಿ, ಮನೆದೇವರಿಗೆ ಹರಕೆ ಹೊರಿರಿ, ಅದು ಮಿಸುಕುವುದಿಲ್ಲ. ನಮ್ಮ ಮಾವ ಒಮ್ಮೆ ಹಟಕ್ಕೆ ಬಿದ್ದು ಹೊರಗಿನಿಂದ ಆರು ಜೋಡಿ ಎತ್ತು ಹೂಡಿಸಿ ಎಳೆಸಿದ್ದನಂತೆ. ಹಗ್ಗ ಹರಿದು ಎತ್ತುಗಳು ಪಕ್ಕದ ತಾಲೂಕಿನಲ್ಲಿ ಹೋಗಿ ಬಿದ್ದವು, ಬಾಗಿಲು ಇದ್ದಲ್ಲೇ ಇತ್ತು. ಬೆಳಗಾದ ಮೇಲೆ ಆ ಮನೆಯ ಬಾಗಿಲ ಕೈ ಬಂದು ಹೊರಗಿನಿಂದ ಒಂದು ಬೆರಳು ಮುಟ್ಟಿಸಿದರೆ ಸಾಕು, ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ತೆರೆದುಕೊಳ್ಳುತ್ತದೆ.

ಬಾಗಿಲ ಕೈ ಅಂದರೆ ನೆರೆಮನೆಯವರು. ಅವರನ್ನು ನಾವು ಆರಿಸುವುದಲ್ಲ. ಮನೆಗೆ ಸೊಸೆ ಬಂದ ಮರುದಿನ ಬೆಳಿಗ್ಗೆ ಮೊದಲು ಯಾರ ಕೈ ಬಾಗಿಲು ತೆರೆಯಿತೋ, ಅವರು ಬದುಕಿರುವ ತನಕ ಅದೇ ಕೈ. ಅವರು ಸತ್ತರೆ ಮಾತ್ರ ಬಾಗಿಲು ಇನ್ನೊಬ್ಬರನ್ನು ಒಪ್ಪುತ್ತದೆ. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಹೊರಗಿರುವವನು ರೊಟ್ಟಿ ಭಟ್ಟಿಯ ಜಕರಿಯಪ್ಪ. ಬ್ರೆಡ್ಡು, ಖಾರಿ ಬೇಯಿಸುವ ಕ್ರಿಸ್ತನ ಮಂದಿ ಅವರು. ರಾತ್ರಿಯೆಲ್ಲ ಭಟ್ಟಿ ನೋಡಿಕೊಳ್ಳಬೇಕಲ್ಲ, ಗೋಡೆಯಿಲ್ಲದ ಚಪ್ಪರದಲ್ಲೇ ಮಲಗುತ್ತಾನೆ. ಅವನು ಎದ್ದು ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮಾಬುಬಿಯ ಬಾಗಿಲು ತೆರೆಯುತ್ತಾನೆ. ಮಾಬುಬಿ ಬಂದು ನನ್ನದು ತೆರೆಯುತ್ತಾಳೆ, ಅಪ್ಪ ಸತ್ತ ಮೇಲೆ ಅವಳ ಮಗ ದಸ್ತಗೀರ ಹೋಗಿ ರಾಚಪ್ಪ ಮಾಸ್ತರನದು ತೆರೆಯುತ್ತಾನೆ. ನಾನು ಎದುರು ಮನೆಯವರದು. ಹೀಗೆ ಒಬ್ಬರಿಂದ ಒಬ್ಬರು, ಹೊತ್ತು ಒಂದು ಮೊಳ ಏರುವುದರೊಳಗೆ ಊರಿನ ಹತ್ತು ಸಾವಿರ ಬಾಗಿಲೂ ತೆರೆದಿರುತ್ತವೆ. ಹತ್ತು ಸಾವಿರ ಇಲ್ಲ ಅನ್ನುವವರು ಬಂದು ಎಣಿಸಲಿ.

ಮಾಬುಬಿ ನನ್ನ ಬಾಗಿಲ ಕೈ ಆದ ಕಥೆ ಊರಿಗೆಲ್ಲ ಗೊತ್ತು. ಅವಳು ಈ ಓಣಿಗೆ ಸೊಸೆಯಾಗಿ ಬಂದು ಎಂಟು ದಿನ ಆಗಿತ್ತು, ಆಮೇಲೆ ನಾನು ಬಂದೆ. ಮರುದಿನ ಬೆಳಿಗ್ಗೆ ಹೋಗಿ ಬಾಗಿಲು ತೆರೆದು ಬಾ ಅಂತ ಅವಳ ಅತ್ತೆ ಕಳಿಸಿದ್ದಾಳೆ. ಈ ಪುಣ್ಯಾತ್ಗಿತ್ತಿ ತೆರೆದದ್ದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಮದುವಣಗಿತ್ತಿ ನಾನು ಒಳಗೆ, ಗಂಡನ ಜೊತೆ. ಏನು ಮಾಡುತ್ತಿದ್ದೆ ಅಂತ ನೀವು ಕೇಳಬೇಡಿ. ಓಣಿಯವರು ಕೇಳದೆಯೇ ಐವತ್ತು ವರ್ಷ ನಕ್ಕರು. ಯಾಕೆ ತಡ ಮಾಡಿದೆ ಅಂದರೆ ಮಾಬುಬಿ ಯಾವತ್ತೂ ಒಂದೇ ಮಾತು ಹೇಳುತ್ತಿದ್ದಳು, ನಿದ್ದೆ ಹತ್ತಿತ್ತು ಅಂತ. ನನ್ನ ಗಂಡ ಅವಳ ಗಂಡನಿಗಿಂತ ಒಂದು ಗೇಣು ಎತ್ತರ ಇದ್ದ, ಆ ಹೊಟ್ಟೆಕಿಚ್ಚಿಗೆ ಮಾಡಿದಳು ಅಂತ ನಾನು ಹೇಳುತ್ತಿದ್ದೆ. ಇಬ್ಬರೂ ಗಂಡಂದಿರು ಮಣ್ಣಿಗೆ ಹೋದರು, ಆ ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು.

ಈಗ ಬಸ್ ನಿಲ್ದಾಣದ ಮಾತು. ಯಾರೋ ಎಲ್ಲಿಂದಲೋ ಬಂದವರು ಶುಕ್ರವಾರ ಮಧ್ಯಾಹ್ನ ಅಲ್ಲಿ ಬಾಂಬು ಇಟ್ಟು ಹೋದರು. ನಾನು ಎಲ್ಲದಕ್ಕೂ ಹತ್ತು ಸೇರಿಸಿ ಹೇಳುವವಳು, ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಸತ್ತವರು ಏಳು ಮಂದಿ. ಇದಕ್ಕೆ ನಾನು ಒಂದನ್ನೂ ಸೇರಿಸುವುದಿಲ್ಲ. ಅದರಲ್ಲಿ ಜಕರಿಯಪ್ಪನ ಹೆಂಡತಿ ರಾಹೇಲಮ್ಮ ಇದ್ದಳು. ಮಾಬುಬಿಯ ನಾದಿನಿ ಇದ್ದಳು, ಊರಿಗೆ ಹೋಗಲು ಬಸ್ಸು ಕಾಯುತ್ತಿದ್ದವಳು. ಚುರುಮುರಿ ಗಾಡಿ ಇಟ್ಟುಕೊಂಡಿದ್ದ ನನ್ನ ತಮ್ಮನ ಮಗ ಗುರುಸಿದ್ದ ಇದ್ದ. ಮೂರು ವರ್ಷದವನಿದ್ದಾಗಿನಿಂದ ಅವನನ್ನು ಸಾಕಿದವಳು ನಾನು. ಅವನನ್ನು ಮಣ್ಣು ಮಾಡಿ ಬಂದ ದಿನ ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಹೆಗಲು ಕೊಟ್ಟವರಿಗೆ, ನಿಧಾನಕ್ಕೆ ನಡೀರಪ್ಪಾ, ಅವನು ಬದುಕಿದ್ದಾಗಲೂ ಅವಸರ ಮಾಡಿದವನಲ್ಲ ಅಂದೆನಂತೆ. ಅಂದದ್ದು ನನಗೆ ನೆನಪಿಲ್ಲ.

ಬಾಂಬನ್ನು ಅವರು ದಿಂಬಿನೊಳಗೆ ಇಟ್ಟಿದ್ದರು. ಆ ದಿಂಬಿನ ಒಂದು ಮೂಲೆ ಸುಡದೆ ಉಳಿದಿತ್ತು, ಅದರ ಮೇಲೆ ಕೆಂಪು ದಾರದ ಒಂದು ಗಿಣಿ. ಊರಿನಲ್ಲಿ ಆ ಗಿಣಿ ಯಾರಿಗೆ ಗೊತ್ತಿಲ್ಲ? ಮಾಬುಬಿ ತುಂಬಿ ಹೊಲಿದ ಗಾದಿ, ದಿಂಬು ಎಲ್ಲದರ ಮೂಲೆಯಲ್ಲೂ ಅದು ಕೂತಿರುತ್ತದೆ. ಓಣಿಯ ಮಕ್ಕಳೆಲ್ಲ ಹುಟ್ಟಿದಾಗಿನಿಂದ ಗಿಣಿಯ ಮೇಲೆ ತಲೆಯಿಟ್ಟು ಮಲಗಿದವರೇ. ಪೊಲೀಸರು ತೋರಿಸಿದಾಗ ರಾಚಪ್ಪ ಮಾಸ್ತರ ಮುಂದೆ ಬಂದು ಇದು ಪಿಂಜಾರರ ಗಿಣಿ ಅಂದ. ಸುಳ್ಳು ಹೇಳಲಿಲ್ಲ ಅವನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರಲಾರ. ಆದರೆ ಅಂಥ ಗಿಣಿ ತನ್ನ ಮನೆಯಲ್ಲೂ ನಾಲ್ಕಿವೆ ಅನ್ನುವುದನ್ನು ಹೇಳಲಿಲ್ಲ. ಪೊಲೀಸರು ದಸ್ತಗೀರನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಆ ದಿನ ಸಂಜೆ ನಮ್ಮ ಓಣಿಯಲ್ಲಿ ಒಂದು ವಿಚಿತ್ರ ನಡೆಯಿತು. ಬೇರೆ ಊರಿನವರು ಹೆದರಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮವರು ಹೆದರಿ ಬಾಗಿಲು ತೆರೆದಿಟ್ಟು ಮಲಗಿದರು. ಮುಚ್ಚಿಕೊಂಡರೆ ನಾಳೆ ತೆರೆಯುವ ಕೈ ಬರದಿದ್ದರೆ? ಇವರ ಕೈ ಅವರು, ಅವರ ಕೈ ಇವರು. ಯಾರಿಗೆ ನೆರೆಯವರ ಮೇಲೆ ನಂಬಿಕೆ ಎಷ್ಟು ಕಡಿಮೆಯಾಯಿತೋ ಅವರ ಬಾಗಿಲು ಅಷ್ಟೇ ಅಗಲಕ್ಕೆ ತೆರೆದಿತ್ತು. ಆಡು ಮೇಕೆಗಳಿಗೆ ಹಬ್ಬ. ಎದುರು ಮನೆಯವರ ಹಿಟ್ಟಿನ ಡಬ್ಬಿಯಲ್ಲಿ ಕೋಳಿ ಮೊಟ್ಟೆಯಿಟ್ಟಿತು. ನಾನು ಬೆಳಿಗ್ಗೆ ಕಣ್ಣು ಬಿಟ್ಟರೆ ಎದೆಯ ಮೇಲೆ ಯಾರದೋ ಕರು ನಿಂತು ಸೆರಗು ತಿನ್ನುತ್ತಿತ್ತು. ಅರ್ಧ ತಿಂದಿತ್ತು, ಇನ್ನರ್ಧಕ್ಕೆ ನಾನು ಜಗಳ ಮಾಡಬೇಕಾಯಿತು.

ಒಂದು ಬಾಗಿಲು ಮಾತ್ರ ಮುಚ್ಚಿತ್ತು, ಮಾಬುಬಿಯದು. ಮಗನನ್ನು ಕರೆದೊಯ್ದ ಮೇಲೆ ಅವಳು ತಾನೇ ಎಳೆದುಕೊಂಡಿದ್ದಳು. ಬೆಳಿಗ್ಗೆ ಜಕರಿಯಪ್ಪ ತೆರೆಯಲು ಹೋದರೆ, ತೆಗೆಯಬೇಡಣ್ಣಾ ಅಂತ ಒಳಗಿನಿಂದ ಕೂಗಿದಳಂತೆ. ಹೆಂಡತಿಯನ್ನು ಹೂತು ಬಂದು ಎರಡು ದಿನವಾಗಿದ್ದ ಮನುಷ್ಯ. ಒಂದು ಬ್ರೆಡ್ಡನ್ನು ಹಿತ್ತಲ ಕಿಟಕಿಯಲ್ಲಿಟ್ಟು ಹೊರಟುಹೋದ. ಮರುದಿನವೂ ಬಂದ, ಅವಳು ಹಾಗೇ ಅಂದಳು, ಅವನು ಬ್ರೆಡ್ಡು ಇಟ್ಟು ಹೋದ. ಬ್ರೆಡ್ಡು ನಾನು ಕಂಡಂತೆ ಒಂದು ದಿನವೂ ತಪ್ಪಲಿಲ್ಲ.

ರಾಚಪ್ಪ ಮಾಸ್ತರ ಓಣಿಯ ಮನೆ ಮನೆಗೆ ಬಂದು, ಇನ್ನು ಮುಂದೆ ನಮ್ಮ ನಮ್ಮ ಬಾಗಿಲಿಗೆ ನಮ್ಮ ನಮ್ಮವರೇ ಕೈ ಆಗಬೇಕು ಅಂತ ಹೇಳತೊಡಗಿದ. ನನ್ನ ಕಟ್ಟೆಗೂ ಬಂದ. ಬದುಕಿರುವವಳ ಕೈಯನ್ನು ಬಾಗಿಲು ಹೇಗೆ ಬಿಡುತ್ತದೆ ಅಂತ ನಾನು ಕೇಳಿದೆ.

"ಸತ್ತಾಳಂತ ತಿಳ್ಕೊ ತಿಪ್ಪಕ್ಕ," ಅಂದ.

"ನಾ ಏನೋ ತಿಳ್ಕೋತೀನ್ರಿ ಮಾಸ್ತರ. ಬಾಗಿಲಕ್ಕ ಯಾರು ತಿಳಸವ್ರು? ನೀವ ಒಂದಿಷ್ಟು ಪಾಠ ಹೇಳಿ ನೋಡ್ರಿ."

ಅವನ ಮಾತಿಗೆ ಬಲ ಕೊಡಲು ಪಟ್ಟಣದಿಂದ ಇಬ್ಬರು ಬಂದರು. ಬಿಳಿ ಅಂಗಿ, ದೊಡ್ಡ ಗಂಟಲು. ಚೌಕದಲ್ಲಿ ನಿಂತು ಭಾಷಣ ಮಾಡಿದರು, ಅವರ ಗಂಟಲಿಗೆ ಹುಣಸೆಮರದ ಕಾಯಿಗಳು ಉದುರಿದವು. ರಾತ್ರಿ ಮಾಸ್ತರನ ಮನೆಯಲ್ಲೇ ಉಳಿದರು. ಅವನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು, ಮೂವರೇ ಗಂಡಸರು. ಅವರಿಗೆ ನಮ್ಮೂರಿನ ಪದ್ಧತಿ ಏನು ಗೊತ್ತು? ಮಾಸ್ತರ ಗೊರಕೆ ಹೊಡೆಯುತ್ತಿದ್ದಾಗ ಆಡು ಬರುತ್ತದೆ ಅಂತ ಒಬ್ಬ ಎದ್ದು ಬಾಗಿಲು ಎಳೆದುಬಿಟ್ಟ.

ಬೆಳಿಗ್ಗೆ ಮಾಸ್ತರನ ಕೂಗು ಕೇಳಿ ನಾವೆಲ್ಲ ಹೋದೆವು. ಅವನವರೇ ಎನ್ನುವ ಇಪ್ಪತ್ತು ಜನ ಕೈ ಇಟ್ಟು ನೋಡಿದರು. ಬಾಗಿಲು ಅವರ ಮುಖ ನೋಡಲಿಲ್ಲ. ಅದಕ್ಕೆ ಬೇಕಾದ ಕೈ ದಸ್ತಗೀರನದು, ಅವನೋ ಪೊಲೀಸ್ ಠಾಣೆಯಲ್ಲಿದ್ದ. ಮಾಸ್ತರನ ಮನೆಯ ಪಾಯಖಾನೆ ಹಿತ್ತಲಿನಲ್ಲಿದೆ, ಓಣಿಯಲ್ಲಿ ಅವನೊಬ್ಬನಿಗಿದ್ದ ಹಿತ್ತಲ ಬಾಗಿಲನ್ನು ವಾಸ್ತು ಸರಿಯಿಲ್ಲ ಅಂತ ಅವನೇ ಗೋಡೆ ಕಟ್ಟಿ ಮುಚ್ಚಿಸಿದ್ದ. ಮೂವರು ಗಂಡಸರು, ಎರಡು ಕೊಡಪಾನ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ನೀವು ಊಟ ಮಾಡಿ ಕೂತಿರಬಹುದು.

ಮಧ್ಯಾಹ್ನದ ಹೊತ್ತಿಗೆ ಮಾಸ್ತರ ಕಿಟಕಿಯಲ್ಲಿ ಕೂತು ಇನ್ಸ್‌ಪೆಕ್ಟರಿಗೆ ಪತ್ರ ಬರೆಯತೊಡಗಿದ. ಹನ್ನೊಂದು ಹಾಳೆ. ನನಗೆ ಓದಲು ಬರುವುದಿಲ್ಲ, ಎದುರು ಮನೆಯ ಸೊಸೆ ಓದಿ ಹೇಳಿದಳು. ದಸ್ತಗೀರ ಬಹಳ ಸಂಭಾವಿತ, ಅವನ ಅಪ್ಪನೂ ಸಂಭಾವಿತ, ಹೊಲಿದ ದಿಂಬನ್ನು ಮಾರುವುದು ಅವನ ಕಸುಬು, ಕೊಂಡವರು ಅದರಲ್ಲಿ ಏನು ತುಂಬಿದರು ಅನ್ನುವುದಕ್ಕೆ ಅವನು ಹೊಣೆಯಲ್ಲ, ಅಂಥ ದಿಂಬುಗಳು ನನ್ನ ಮನೆಯಲ್ಲೂ ನಾಲ್ಕಿವೆ, ದಯವಿಟ್ಟು ಕೂಡಲೇ ಕಳಿಸಿಕೊಡಿ. 'ಕೂಡಲೇ' ಅನ್ನುವ ಮಾತಿನ ಕೆಳಗೆ ಮೂರು ಗೆರೆ ಎಳೆದಿದ್ದನಂತೆ. ಪತ್ರ ನೋಡಿ ಬಿಟ್ಟರೋ, ಅವರಿಗೇ ನಿಜ ತಿಳಿದು ಬಿಟ್ಟರೋ, ಮೂರನೆಯ ದಿನ ಬೆಳಿಗ್ಗೆ ದಸ್ತಗೀರ ನಡೆದುಕೊಂಡು ಬಂದ. ಗಡ್ಡ ಬೆಳೆದಿತ್ತು, ಒಂದು ಕಾಲು ಎಳೆಯುತ್ತಿತ್ತು. ಮನೆಗೂ ಹೋಗದೆ, ಮುಖವನ್ನೂ ತೊಳೆಯದೆ ನೇರ ಮಾಸ್ತರನ ಬಾಗಿಲಿಗೆ ಬಂದು ಬೆರಳು ಇಟ್ಟ. ಬಿಳಿ ಅಂಗಿಯವರು ಅವನನ್ನು ದಾಟಿಕೊಂಡು ಹೇಗೆ ಓಡಿದರು ಅಂದರೆ, ಅವರ ಚಪ್ಪಲಿಗಳು ಇವತ್ತಿಗೂ ಅಲ್ಲೇ ಇವೆ. ಮಾಸ್ತರ ಹೊಸ್ತಿಲ ಮೇಲೆ ನಿಂತ. ದಸ್ತಗೀರನಿಗೆ ಒಳಗಿನ ವಾಸನೆ ಬಂದಿರಬೇಕು, ಎರಡು ಕೊಡ ನೀರು ತಂದುಕೊಡಲೇನ್ರಿ ಅಂದ.

ಆಮೇಲೆ ತನ್ನ ಮನೆಗೆ ಹೋದರೆ ಅವ್ವನ ಬಾಗಿಲು ಮುಚ್ಚಿದೆ. ಬಂದೀನವ್ವಾ ಅಂತ ಎಷ್ಟು ಕರೆದರೂ, ಜಕರಿಯಪ್ಪ ಬಾಗಿಲಿಗೆ ಬಂದು ನಿಂತರೂ, ಅವಳು ತೆಗೆಯಬೇಡಿ ಅಂದಳು. ಆಗ ದಸ್ತಗೀರ ಭಟ್ಟಿಯ ಚಪ್ಪರಕ್ಕೆ ಹೋದ. ರಾಹೇಲಮ್ಮ ಹಿಟ್ಟು ನಾದುತ್ತಿದ್ದ ಮಣೆ ಖಾಲಿ ಇತ್ತು. ಜಕರಿಯಪ್ಪ ಹಿಟ್ಟಿನ ಚೀಲ ಅವನ ಕಡೆಗೆ ತಳ್ಳಿದ. ಹತ್ತಿ ಬಿಡಿಸುವ ಕೈ ಹಿಟ್ಟಿಗೆ ಬಂದರೆ ಹೇಗಿರುತ್ತದೆ? ಆ ವಾರ ನಾವು ತಿಂದ ಬ್ರೆಡ್ಡು ಕೈ ಬಿಟ್ಟರೆ ಗಾಳಿಯಲ್ಲಿ ತೇಲುತ್ತಿತ್ತು.

ನಾನು ದಿನಾ ಮಧ್ಯಾಹ್ನ ರೊಟ್ಟಿ ಪಲ್ಯ ತೆಗೆದುಕೊಂಡು ಮಾಬುಬಿಯ ಹಿತ್ತಲ ಕಿಟಕಿಗೆ ಹೋಗುತ್ತಿದ್ದೆ. ಸರಳುಗಳ ಆಚೆ ಅವಳು ಹತ್ತಿಯ ರಾಶಿಯ ಪಕ್ಕ ಕೂತಿರುತ್ತಿದ್ದಳು, ಕೈಯೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು. ನಾನು ಕರುವಿನ ಕಥೆ ಹೇಳಿದೆ, ಮಾಸ್ತರನ ಕೊಡಪಾನದ ಕಥೆ ಹೇಳಿದೆ, ಎರಡನ್ನೂ ಒಂದಕ್ಕೆ ಹತ್ತು ಮಾಡಿ ಹೇಳಿದೆ. ಅವಳು ನಗಲಿಲ್ಲ. ಒಂಬತ್ತನೆಯ ದಿನ ಬಾಯಿ ಬಿಟ್ಟಳು.

"ನನ್ನ ಕಡೆನ ಬಂದಿದ್ದ ಅಕ್ಕಾ, ಆ ದಿಂಬು ಒಯ್ದಾಂವ. ನಮ್ಮ ಅವ್ವಗ ಬೇಕು, ಮೆತ್ತಗ ಇರ್ಲಿ ಅಂದ. ನಾ ಒಂದು ಮುಷ್ಟಿ ಹತ್ತಿ ಹೆಚ್ಚಿಗಿ ತುಂಬಿದೆ."

ಸೆರಗಿನಿಂದ ಕೈ ಹೊರಗೆ ತೆಗೆದು ನೋಡಿಕೊಂಡಳು.

"ಈ ಕೈಲೆ ತುಂಬೀನಿ. ಇದ ಕೈ ಹಚ್ಚಿ ನಿನ್ನ ಬಾಗಲಾ ಹೆಂಗ ತಗೀಲಿ? ನಿನ್ನ ಗುರುಸಿದ್ದ ಆ ಬಾಗಲದಾಗ ಹೊರಗ ಹ್ವಾದವ."

ಜಾಣರಾಗಿದ್ದರೆ ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದರು. ಗುರುಸಿದ್ದನೂ ಇಪ್ಪತ್ತೈದು ವರ್ಷ ನಿನ್ನ ದಿಂಬಿನ ಮೇಲೇ ಮಲಗಿ ಜೊಲ್ಲು ಸುರಿಸಿದ, ಆ ಜೊಲ್ಲೂ ನಿನ್ನ ತಪ್ಪೇನು ಅಂತ ಕೇಳಿದೆ. ಅವಳು ಮುಖ ತಿರುಗಿಸಿಕೊಂಡಳು. ರೊಟ್ಟಿಯನ್ನು ಮುಟ್ಟಲಿಲ್ಲ. ಹಿಂದಿನ ದಿನದ್ದೂ ಹಾಗೇ ಇತ್ತು, ಅದರ ಹಿಂದಿನ ದಿನದ್ದೂ ಇತ್ತು, ಬ್ರೆಡ್ಡುಗಳು ಸಾಲಾಗಿ ಕೂತಿದ್ದವು. ಇವಳು ಬಾಗಿಲು ಮುಚ್ಚಿಕೊಂಡದ್ದು ಮತ್ತೆ ಹೊರಗೆ ಬರುವುದಕ್ಕಲ್ಲ ಅಂತ ಆಗ ನನಗೆ ಅರ್ಥವಾಯಿತು.

"ಮಾಬೂ, ಕೇಳಿಲ್ಲೆ," ಅಂದೆ. "ಇವತ್ತ ದೀಪ ಹಚ್ಚಿದ ಮ್ಯಾಲೆ ನಾನೂ ಬಾಗಲಾ ಹಾಕ್ಕೋತೀನಿ. ನಿನ್ನ ಬಿಟ್ರ ಅದನ್ನ ತಗಿಯೂ ಕೈ ಈ ಭೂಮಿ ಮ್ಯಾಲಿಲ್ಲ. ನೀ ಬಂದ್ರ ಹೊರಗ ಬರ್ತೀನಿ, ಇಲ್ಲಾಂದ್ರ ಇಲ್ಲ. ನನಗೇನು ಅವಸರಿಲ್ಲ."

ಅವಳು ತಿರುಗಿ ನೋಡಿದಳು. ನಾನು ಅಲ್ಲಿ ನಿಲ್ಲಲಿಲ್ಲ. ನಿಂತಿದ್ದರೆ ಧೈರ್ಯ ಸಾಲುತ್ತಿರಲಿಲ್ಲ.

ಸಂಜೆ ದೀಪ ಹಚ್ಚಿದೆ. ಓಣಿಯವರೆಲ್ಲ ನನ್ನ ಕಟ್ಟೆಯ ಮುಂದೆ ಸೇರಿದ್ದರು. ಮಾಸ್ತರನೂ ಬಂದಿದ್ದ. ಬ್ಯಾಡ ತಿಪ್ಪಕ್ಕ, ಒಳಗಿರೂದು ಭಾಳ ಕಠಿಣ ಐತಿ ಅಂದ, ಈ ವಿಷಯದಲ್ಲಿ ಅವನು ಅನುಭವಸ್ಥ. ಎರಡು ಕೊಡಪಾನ ಇಟಗೊಂಡೀನ್ರಿ ಅಂತ ಹೇಳಿ ನಾನು ಬಾಗಿಲು ಎಳೆದೆ. ಹತ್ತು ದಿನದ ಮೇಲೆ ನಮ್ಮ ಓಣಿಯಲ್ಲಿ ತಿಳಿದೂ ತಿಳಿದೂ ಬಾಗಿಲು ಮುಚ್ಚಿದ ಸದ್ದು ಅದೇ ಮೊದಲು. ಮಲಗಿದೆ, ಚೆನ್ನಾಗಿ ನಿದ್ದೆ ಬಂತು, ಕರು ಇರಲಿಲ್ಲವಲ್ಲ.

ಬೆಳಗಾಯಿತು. ಭಟ್ಟಿಯ ವಾಸನೆ ಬಂತು. ಜಕರಿಯಪ್ಪನ ಗಾಡಿ ಗಡಗಡ ಹೋಯಿತು. ಹೊರಗೆ ಜನ ಗುಸುಗುಸು ಮಾತಾಡುವುದು ಕೇಳಿತು. ನನ್ನ ಮನೆಗಿರುವ ಒಂದೇ ಕಿಟಕಿ ಹಿತ್ತಲ ಕಡೆಗಿದೆ, ಓಣಿಯಲ್ಲಿ ಏನಾಗುತ್ತಿದೆಯೋ ಕಾಣಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಗುಸುಗುಸುವೂ ನಿಂತಿತು. ಬಿಸಿಲು ಹೊಸ್ತಿಲ ಸಂದಿಯಿಂದ ಒಳಗೆ ಬಂದು, ಒಲೆಯವರೆಗೆ ಹರಿದು, ಗೋಡೆ ಏರತೊಡಗಿತು. ಯಾರೂ ಬರಲಿಲ್ಲ. ಅವಳು ಬರುವುದಿಲ್ಲ ಅಂದುಕೊಂಡೆ.

ಏನಾದರೂ ಕೆಲಸ ಮಾಡೋಣ ಅಂತ ಹಾಸಿಗೆ ಮಡಚಲು ಹೋದೆ. ಕೆಳಗೆ ಗುರುಸಿದ್ದನ ದಿಂಬು ಇತ್ತು. ಮೂಲೆಯ ಗಿಣಿಯ ಬಣ್ಣ ಅವನ ಎಣ್ಣೆತಲೆಗೆ ಮಾಸಿ ಕಾಗೆಯಾಗಿತ್ತು. ತಲೆಯಿಟ್ಟ ಕಡೆ ಇನ್ನೂ ಗುಂಡಿಯಿತ್ತು. ಆ ಗುಂಡಿಯಲ್ಲಿ ನಾನು ಮುಖ ಇಟ್ಟೆ. ಆಮೇಲೆ ಎಷ್ಟು ಹೊತ್ತು ಅತ್ತೆ ಅಂತ ನನಗೆ ಗೊತ್ತಿಲ್ಲ. ಬೇರೆ ದಿನ ಆಗಿದ್ದರೆ ಕೊಡಪಾನ ತುಂಬಿ ಹಿತ್ತಲಿಗೆ ಹರಿಯಿತು ಅಂತ ಹೇಳುತ್ತಿದ್ದೆ. ಅತ್ತೆ, ಅಷ್ಟೆ.

ಅಳು ತಾನಾಗಿ ನಿಂತಿತು. ಸೆರಗಿನಿಂದ ಮುಖ, ಮೂಗು ಒರೆಸಿಕೊಂಡು ಎದ್ದು ಕೂತೆ. ಬಾಗಿಲು ತೆರೆಯಿತು.

ಹೊಸ್ತಿಲಲ್ಲಿ ಮಾಬುಬಿ. ಹತ್ತು ದಿನಕ್ಕೆ ಹತ್ತು ವರ್ಷ ಸೊರಗಿದ್ದಳು. ಅವಳ ಹಿಂದೆ ಓಣಿಗೆ ಓಣಿಯೇ ನೆಲದ ಮೇಲೆ ಕೂತಿತ್ತು, ಜಕರಿಯಪ್ಪ, ಹಿಟ್ಟಿನ ಕೈಯ ದಸ್ತಗೀರ, ಮಾಸ್ತರ, ಎದುರು ಮನೆಯವರು, ಒಬ್ಬರ ಬಾಯಿಂದಲೂ ಸದ್ದಿಲ್ಲ. ಬಿಸಿಲೇರಿದ ಮೇಲೆ ಅವಳೇ ಜಕರಿಯಪ್ಪನನ್ನು ಕರೆದಳಂತೆ, ಅಣ್ಣಾ, ಬಾಗಲಾ ತಗಿ ಅಂತ. ಇದನ್ನು ಆಮೇಲೆ ಹೇಳಿದರು.

"ಯಾವಾಗ ಬಂದಿ?" ಅಂತ ಕೇಳಿದೆ.

"ಭಾಳೊತ್ತಾತು."

"ಮತ್ಯಾಕ ತಗೀಲಿಲ್ಲ?"

"ಬೆರಳ ಹಚ್ಚೂದ್ರಾಗ ನೀ ಅಳಾಕತ್ತಿದಿ. ಅತ್ತು ಮುಗೀಲಿ ಅಂತ ನಿಂತೆ." ಆಮೇಲೆ ದನಿ ಇಳಿಸಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು. "ಅವತ್ತೂ ಹಂಗ ಮಾಡೀನಿ. ಹೊಸಾ ಸೊಸಿ, ಬಾತ ಕಣ್ಣ ತಗೊಂಡು ಎಲ್ಲಾರ ಮುಂದ ಹೆಂಗ ಬರ್ತಿ?"

ಆ ದಿನ ನಾನು ಒಳಗೆ ಏನು ಮಾಡುತ್ತಿದ್ದೆ ಅಂತ ಕೇಳಬೇಡಿ ಅಂದಿದ್ದೆನಲ್ಲ. ಗಂಡ ಗೊರಕೆ ಹೊಡೆಯುತ್ತಿದ್ದ. ಹದಿನೈದು ವರ್ಷದವಳು ನಾನು ಅವ್ವನನ್ನು ನೆನೆಸಿಕೊಂಡು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದೆ. ಅದು ಯಾರಿಗೂ ಕೇಳಿಲ್ಲ ಅಂದುಕೊಂಡಿದ್ದೆ. ಐವತ್ತು ವರ್ಷ ಇವಳನ್ನು ನಿದ್ದೆಬುರುಕಿ ಅಂತ ಓಣಿಯ ಮುಂದೆ ಆಡಿಕೊಂಡೆ. ಇವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಅವಳ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡೆ. ಹಿಂದಿನ ದಿನದ ರೊಟ್ಟಿ ಇತ್ತು. ಇಬ್ಬರೂ ತಿಂದೆವು. ಅವಳು ನಾಲ್ಕು ತಿಂದಳು. ನಾಲ್ಕೇ, ಹೆಚ್ಚಿಲ್ಲ.

ಆ ಸಂಜೆ ದೀಪ ಹಚ್ಚಿದ ಮೇಲೆ ಓಣಿಯಲ್ಲಿ ಒಂದೊಂದೇ ಬಾಗಿಲು ಮುಚ್ಚುವ ಸದ್ದು ಕೇಳಿತು. ಎದುರು ಮನೆಯದು, ಆಮೇಲೆ ಅದರ ಪಕ್ಕದ್ದು, ಕೆಳಗಿನ ಓಣಿಯವು. ಎಲ್ಲರದೂ ಆದ ಮೇಲೆ ಮಾಸ್ತರ ತನ್ನ ಹೊಸ್ತಿಲಿಗೆ ಬಂದು ಭಟ್ಟಿಯ ಕಡೆಗೆ ಮುಖ ಮಾಡಿ, ದಸ್ತಗೀರಾ, ನಾಳಿ ಸ್ವಲ್ಪ ಲಗೂನ ಬಾರಪ್ಪಾ ಅಂದ. ದಸ್ತಗೀರ ಆತ್ರಿ ಮಾಸ್ತರ ಅಂದ. ಮಾಸ್ತರ ಬಾಗಿಲು ಎಳೆದುಕೊಂಡ.

ಮಾಬುಬಿ ನನ್ನ ಕಟ್ಟೆಯಿಂದ ಎದ್ದಳು. ನಾನು ಬಾಗಿಲಿಗೆ ಕೈ ಹಚ್ಚಿದಾಗ ತಿರುಗಿ ನಿಂತಳು.

"ನಾಳಿ ನಸುಕಿನ್ಯಾಗ ಬರ್ತೀನಿ. ಅಳೂದೇನರ ಇದ್ರ ಅದಕ್ಕೂ ಮೊದ್ಲ ಮುಗಿಸಿ ಇಡು. ನಿಂತು ನಿಂತು ನನ್ನ ಮೊಣಕಾಲು ಹಿಡದಾವ."

ನಾನು ಬಾಗಿಲು ಮುಚ್ಚಿದೆ.